ಸ್ಪಷ್ಟನೆ: ಆನೆಗೊಂದಿಯ ಉರುಟು ಕಲ್ಲುಗಳು ಡೈನೋಸಾರ್ ಮೊಟ್ಟೆಗಳಲ್ಲ

“ಅಲಾಸ್ಕಾದ ಹಿಮದೊಳಗೆ ಸಿಕ್ಕಂಥ ಡೈನೋಸಾರ್ ಮೊಟ್ಟೆಗಳು ಗಂಗಾವತಿ, ಆನೆಗೊಂದಿ ಗುಡ್ಡಗಳಲ್ಲೂ ಇವೆ, ನಿಂಬೆರಸ ಬಿಟ್ಟರೆ ನೊರೆ ಬರುತ್ತದೆ” ಎಂಬ ವಾಟ್ಸಾಪ್ ಸಂದೇಶ ಕೊಪ್ಪಳದ ಕಡೆ ಹರಿದಾಡುತ್ತಿದೆ. ಇದು ತಪ್ಪು.

ಅಲಾಸ್ಕಾದ ಕಾಲ್ವಿಲ್ ನದಿದಂಡೆಯ ಪ್ರಿನ್ಸ್ ಕ್ರೀಕ್ ಶಿಲಾಸ್ತರದಿಂದ 2021ರಲ್ಲಿ ವರದಿಯಾದದ್ದು ಮೊಟ್ಟೆಯಲ್ಲ. ಮೊಟ್ಟೆಯೊಳಗಿನ ಅಥವಾ ಆಗಷ್ಟೇ ಹೊರಬಂದ ಮರಿಗಳ ಹಲ್ಲು, ಮೂಳೆ. ಕೆಲವು ಹಲ್ಲು ಒಂದೆರಡು ಮಿಲಿಮೀಟರ್ ಅಷ್ಟೇ. ಮಣ್ಣನ್ನು ಜರಡಿಯಲ್ಲಿ ತೊಳೆದು, ಉಳಿದ ಮರಳನ್ನು ಸೂಕ್ಷ್ಮದರ್ಶಕದಡಿ ಅಕ್ಕಿ ಆರಿಸಿದಂತೆ ಆರಿಸಿದಾಗ ಸಿಕ್ಕವು. ಆ ಮರಿಗಳು ಬದುಕಿದ್ದ ಕಾಲದಲ್ಲಿ, ಸುಮಾರು 7 ಕೋಟಿ ವರ್ಷಗಳ ಹಿಂದೆ, ಅಲ್ಲಿ ವರ್ಷವಿಡೀ ಕರಗದೆ ಉಳಿಯುವ ಹಿಮದ ಹಾಸೇ ಇರಲಿಲ್ಲ. ವರ್ಷದ ಸರಾಸರಿ ತಾಪಮಾನ ಸುಮಾರು 6 ಡಿಗ್ರಿ ಸೆಲ್ಸಿಯಸ್. ಚಳಿಗಾಲದಲ್ಲಿ ಹಿಮ ಬೀಳುತ್ತಿತ್ತು, ಸುಮಾರು 4 ತಿಂಗಳು ಕತ್ತಲು.

ನಮ್ಮ ಗುಡ್ಡಗಳದ್ದು ಸುಮಾರು 250 ಕೋಟಿ ವರ್ಷದ ಗ್ರಾನೈಟ್. ಬೆನ್ನೆಲುಬಿನ ಪ್ರಾಣಿಗಳು ಹುಟ್ಟಿದ್ದೇ ಸುಮಾರು 52 ಕೋಟಿ ವರ್ಷಗಳ ಹಿಂದೆ! ಬಿರುಕುಗಳಗುಂಟ ನೀರಿಳಿದು, ಮೂಲೆಗಳು ಮೊದಲು ಸವೆದು ಬಂಡೆ ಉರುಟಾಗುತ್ತದೆ. ಒಡೆದು ಬಿದ್ದ ಕಲ್ಲನ್ನು ನೋಡಿ: ಚಿಪ್ಪಿಲ್ಲ, ಒಳಗೂ ಹೊರಗೂ ಅದೇ ಹರಳುಗಳು.

ಇನ್ನು ನಿಂಬೆರಸ. ಗ್ರಾನೈಟ್ ನೊರೆಯೇಳುವುದಿಲ್ಲ. ಎರೆ ಹೊಲದ ಸುಣ್ಣದ ಕಲ್ಲು ನೊರೆಯೇಳುತ್ತದೆ, ಅದೂ ಮೊಟ್ಟೆಯಲ್ಲ.