ಸ್ಪಷ್ಟನೆ: ಕುಚೆರೊವ್ ಗಾಯ ಸುಳ್ಳಲ್ಲ, ಟ್ಯಾಂಪಾ ಬೇ ನಿಯಮ ಮುರಿದಿಲ್ಲ

"ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಟ್ಯಾಂಪಾ ಬೇ ಲೈಟ್ನಿಂಗ್ ತಂಡ 2021ರಲ್ಲಿ ನಿಕಿತಾ ಕುಚೆರೊವ್ ಗಾಯಗೊಂಡಿದ್ದಾರೆಂದು ನಾಟಕವಾಡಿ, ವೇತನ ಮಿತಿಯ ನಿಯಮ ಮುರಿದು ಸ್ಟ್ಯಾನ್ಲಿ ಕಪ್ ಗೆದ್ದಿತು" ಎಂಬ ಸಂದೇಶ ಹರಿದಾಡುತ್ತಿದೆ. ಪರಿಶೀಲಿಸದೆ ನಾನೂ ಅದನ್ನು ಹಂಚಿದ್ದೆ. ಅದು ತಪ್ಪು, ಕ್ಷಮೆಯಿರಲಿ.

2020ರ ಡಿಸೆಂಬರ್‌ನಲ್ಲಿ ಕುಚೆರೊವ್ ಅವರ ಸೊಂಟದ ಕೀಲಿಗೆ ಶಸ್ತ್ರಚಿಕಿತ್ಸೆಯಾಗಿತ್ತು. 56 ಪಂದ್ಯಗಳ ಇಡೀ ಲೀಗ್ ಹಂತವನ್ನು ಅವರು ಆಡಲಿಲ್ಲ. ಪ್ಲೇಆಫ್‌ಗೆ ಮರಳಿ 23 ಪಂದ್ಯಗಳಲ್ಲಿ 32 ಪಾಯಿಂಟ್ (ಗೋಲು ಮತ್ತು ಗೋಲಿಗೆ ನೀಡಿದ ನೆರವು ಸೇರಿ) ಗಳಿಸಿದ್ದೇ ಅನುಮಾನಕ್ಕೆ ಮೂಲ. ಶಸ್ತ್ರಚಿಕಿತ್ಸೆಗೊಳಗಾದ ಆಟಗಾರನನ್ನು ನಟನೆಂದು ಕರೆಯುವುದು ಅನ್ಯಾಯ.

ಇನ್ನು ನಿಯಮದ ಮಾತು. ತಂಡದ ಆಟಗಾರರ ಒಟ್ಟು ವೇತನಕ್ಕೆ ಲೀಗ್ ಹಾಕುವ ಗರಿಷ್ಠ ಮಿತಿಯೇ ವೇತನ ಮಿತಿ. ಕನಿಷ್ಠ 10 ಪಂದ್ಯ ಮತ್ತು 24 ದಿನ ಆಡಲಾಗದ ಆಟಗಾರನನ್ನು ದೀರ್ಘಾವಧಿ ಗಾಯಾಳು ಪಟ್ಟಿಗೆ ಸೇರಿಸಬಹುದು. ಆಗ ಅವನ ವೇತನ ಲೆಕ್ಕದಿಂದ ಅಳಿಸಿಹೋಗುವುದಿಲ್ಲ. ಬದಲಿ ಆಟಗಾರರಿಗಾಗಿ ಮಿತಿ ಮೀರಲು ತಂಡಕ್ಕೆ ಅನುಮತಿ ಸಿಗುತ್ತದೆ, ಅಷ್ಟೇ. ಆ ವರ್ಷದ ಮಿತಿ 8.15 ಕೋಟಿ ಡಾಲರ್. ಪ್ಲೇಆಫ್‌ಗೆ ಮಿತಿಯೇ ಇರಲಿಲ್ಲ. ಹಾಗಾಗಿ ಕುಚೆರೊವ್ ಮರಳಿದಾಗ ತಂಡ ಸುಮಾರು 1.8 ಕೋಟಿ ಡಾಲರ್ ಮೇಲಿದ್ದರೂ ಅದು ಉಲ್ಲಂಘನೆಯಾಗಲಿಲ್ಲ. ಲೀಗ್ ಪರಿಶೀಲಿಸಿದಾಗಲೂ ತಪ್ಪು ಕಂಡುಬರಲಿಲ್ಲ. ನಿಯಮದಲ್ಲೇ ಕಂಡಿ ಇತ್ತು ಎಂಬುದು ಮಾತ್ರ ನಿಜ, ಎದುರಾಳಿ ಅಭಿಮಾನಿಗಳ ಸಿಟ್ಟು ನನಗೆ ಅರ್ಥವಾಗುತ್ತದೆ.

"ಆ ಕಂಡಿ ಇಂದಿಗೂ ತೆರೆದಿದೆ" ಎಂಬ ಆ ಸಂದೇಶದ ಕೊನೆಯ ಸಾಲೂ ಸರಿಯಲ್ಲ. ಲೀಗ್ ಮತ್ತು ಆಟಗಾರರ ಸಂಘದ ಒಪ್ಪಂದದಂತೆ 2025-26ರಿಂದ ಪ್ಲೇಆಫ್‌ನಲ್ಲಿ ಕಣಕ್ಕಿಳಿಯುವ ತಂಡಕ್ಕೂ ವೇತನ ಮಿತಿ ಅನ್ವಯಿಸುತ್ತದೆ.

ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ. ನನ್ನಿಂದ ಪಡೆದು ಹಂಚಿದವರು ಅದನ್ನು ಅಳಿಸಿ, ಇದನ್ನು ತಲುಪಿಸಿ.