ಗೋಳಗುಮ್ಮಟದಾಗ ಒಂದ ಕೂಸು ಅತ್ರ...

ಬಾಣಂತಿಗೆ ಹಾಲು ಬರ್ಲಿ ಅಂತ ಅಳವಿ ಪಾಯ್ಸ, ಸಬ್ಬಸಗಿ ಪಲ್ಯೆ, ಅಂಟಿನುಂಡಿ ಎಲ್ಲಾ ತಿನಸ್ತಾರ್ರಿ, ಆದ್ರ ಬಂದ ಹಾಲು ಕೂಸಿನ ಬಾಯಿ ಬಿಟ್ಟು ಬ್ಯಾರೆ ಕಡೆ ಹೊಂಟ್ರ ಏನ್ ಮಾಡ್ಬೇಕು ಅಂತ ಒಬ್ರೂ ಹೇಳಂಗಿಲ್ಲ. ಒಂದ್ ಕಡೆ ಕುಡಿಸಾಕ ಕುಂತ್ರ ಇನ್ನೊಂದ್ ಕಡೆ ತಾನ ಸುರು. ಫೋನ್‌ನಾಗ ಕೂಸಿನ ಫೋಟೋ ನೋಡಿದ್ರೂ ಸೋರ್ತೈತಿ. ಪಕ್ಕದ್ಮನಿ ಕೂಸು ಅತ್ರಂತೂ ಕೇಳಬ್ಯಾಡ್ರಿ! ಡಾಕ್ಟರ್ ಮೇಡಂ ಅಂದ್ರು, ಆಕ್ಸಿಟೋಸಿನ್ ಅನ್ನೂ ಹಾರ್ಮೋನ್ ಹಾಲು ಹೊರಗ ನೂಕ್ತೈತಿ, ಅಳೂ ಕೂಸು ನಿಂದೋ ಮಂದಿದೋ ಅಂತ ಅದು ನೋಡಂಗಿಲ್ಲ, ಮೊದಲ 6-8 ವಾರ ಜಾಸ್ತಿ, ಆಮ್ಯಾಲೆ ತಾನ ಹದಕ್ಕ ಬರ್ತೈತಿ.

ಇಂಥಾದ್ರಾಗ ಬೆಂಗಳೂರಿಂದ ಬಂದಿದ್ದ ನಾದಿನಿ "ಗೋಳಗುಮ್ಮಟ ನೋಡೂಣ ಬರ್ರಿ ವೈನಿ" ಅಂದ್ಳು. ಕೂಸನ್ನ ಕೆಳಗ ಗಾರ್ಡನ್‌ನಾಗ ಅತ್ತಿಯವ್ರ ಕೈಯಾಗ ಕೊಟ್ಟು, ಮಿನಾರದ ಆ ಇಕ್ಕಟ್ಟು ಮೆಟ್ಲ ಹತ್ತಿ ಗ್ಯಾಲರಿಗೆ ಹೋದ್ವಿ. ನನ್ನ ವೇಲ್ ಫೋಟೋಕ್ಕಂತ ನಾದಿನಿ ಕೊಳ್ಳಾಗ. ನಾ ತಿಳಿ ಗುಲಾಬಿ ಟಾಪ್‌ನಾಗ.

ಅಲ್ಲಿ ಯಾರದೋ ಕೂಸು ಚಿಟ್ಟನ ಚೀರ್ತ್ರಿ. ಅಲ್ಲಿ ಒಂದ್ ಸಲ ಕೂಗಿದ್ರ ಏಳ್ ಸಲ ಕೇಳ್ತೈತಿ, ಅಂದ್ರ ಒಂದ ಕೂಸು, ಏಳ್ ಅಳು, ಏಳಕ್ಕೂ ನನ್ನ ಮೈ "ಬಂದ್ನೆಪಾ ಬಂದೆ" ಅಂತು. 1656ರಾಗ ಇದು ಕಟ್ಟಿ ಮುಗದಾಗ ಆದಿಲ್‌ಶಾಹಿ ಮಂದಿಗೆ ಬಾಣಂತಿ ಚಿಂತಿ ಎಲ್ಲಿಂದ ಬರಬೇಕು! ಒಳಗಿನ ಪ್ಯಾಡ್ ಎರಡ್ನೇ ಅಳುಕ ಕೈಚೆಲ್ಲಿತು. ಮೊದ್ಲ ರೂಪಾಯಿ ಬಿಲ್ಲೆಯಷ್ಟು ಎರಡು ಕಲಿ, ನೋಡ್ ನೋಡ್ತ ಪೂರಿಯಷ್ಟು. ಎರಡೂ ಕೈ ಎದಿಗೆ ಕಟ್ಟಿ ಗಟ್ಟಿ ಒತ್ತಿ ಹಿಡದ್ರ ನಿಲ್ತೈತಿ, ಹಂಗ ನಿಂತೆ. ನಾದಿನಿ "ಏನ್ ಪೋಸ್ ರೀ ವೈನಿ" ಅಂತ ಫೋಟೋ ಬ್ಯಾರೆ ಹೊಡದ್ಳು.

ಗ್ವಾಡಿಗೆ ಆನಿಕೊಂಡು ನಮ್ಮನಿಯವ್ರ ಕಿವಿಯಾಗ ಸಣ್ಣಕ, "ರೀ, ಹಾಲು ಸೋರಾಕತ್ತೈತಿ, ಆಕಿ ಕಡಿಂದ ವೇಲ್ ಇಸ್ಕೊಡ್ರಿ" ಅಂದೆ.

ಅದು ಪಿಸುಮಾತಿನ ಗ್ಯಾಲರಿ ಅಲ್ಲೇನ್ರಿ! ಆ ಕಡೆ ತುದಿಗೆ ಕುಂತಿದ್ದ ಇಳಕಲ್ ಸೀರಿ ಆಯಿಯ ದನಿ ಗ್ವಾಡಿಯಿಂದನ ಬಂತು: "ಯವ್ವಾ, ಒಂದ ಕಡೆನೋ ಎರಡೂ ಕಡೆನೋ? ನನ್ನ ಹಂತೇಕ ಟಾವೆಲ್ ಐತಿ."

ನಾ ಬಾಯಿ ತೆರಿಯೂದ್ರಾಗ ನಾದಿನಿ ಒದರಿದ್ಳು, "ಎರಡೂ ಕಡೆ ಆಯೀ!"

ಏಳ್ ಸಲ ಕೇಳ್ತು.