ಆ ತೂಗುದೀಪದ ಪಕ್ಕ ಅದರ ರಸೀದಿನೂ ಇಡ್ಬೇಕು

ಇಸ್ತಾಂಬುಲ್‌ನಲ್ಲಿ ದೋಲ್ಮಾಬಾಹ್ಚೆ ಅರಮನೆ ನೋಡ್ಕೊಂಡು ಬಂದು ತುಂಬ ದಿನ ಆಯ್ತು, ಆದ್ರೂ ತಲೆಯಿಂದ ಹೋಗ್ತಿಲ್ಲ, ಅದಕ್ಕೇ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ.

ಮೊದ್ಲೇ ಹೇಳ್ಬಿಡ್ತೀನಿ, ಅಷ್ಟು ಚೆಂದದ ಕಟ್ಟಡ ನಾನು ಕಣ್ಣಾರೆ ನೋಡಿದ್ದು ಅದೇ ಮೊದಲು. ಬಾಸ್ಫರಸ್ ಜಲಸಂಧಿಯ ನೀರಿಗೆ ತಾಗಿಕೊಂಡೇ ನಿಂತಿದೆ, ದಡದ ಗೇಟಿನ ಹತ್ರ ನಿಂತ್ರೆ ಕಮಾನಿನ ಆಚೆ ಬರೀ ನೀಲಿ. ಒಳಗೆ 285 ರೂಮು, 46 ದೊಡ್ಡ ಹಾಲ್‌ಗಳು. ಶೂ ಮೇಲೆ ಪ್ಲಾಸ್ಟಿಕ್ ಕವರ್ ಹಾಕ್ಕೊಂಡು ಹಗ್ಗ ಕಟ್ಟಿರೋ ದಾರಿಯಲ್ಲೇ ಸಾಲಾಗಿ ನಡೀಬೇಕಿತ್ತು, ನಾವು ಹೋದಾಗ ಫೋಟೋ ತೆಗೆಯೋ ಹಾಗಿರ್ಲಿಲ್ಲ. ಅದು ಒಳ್ಳೇದೇ ಆಯ್ತು ಅಂತ ನನಗನ್ಸುತ್ತೆ, ಜನ ಮೊಬೈಲ್ ಬಿಟ್ಟು ಕತ್ತೆತ್ತಿ ನೋಡ್ತಿದ್ರು. ಗಾಜಿನ ಕಂಬಿಗಳ ಮೆಟ್ಟಿಲು ಇದೆಯಲ್ಲ, ಬೆಳಕು ಬಿದ್ದಾಗ ಅದನ್ನ ನೋಡಿ ನಾನೂ ಅಕ್ಕನೂ ಮಾತೇ ಆಡ್ಲಿಲ್ಲ.

ಆಮೇಲೆ ಸಮಾರಂಭದ ಹಾಲ್‌ಗೆ ಬಂದ್ವಿ. 36 ಮೀಟರ್ ಎತ್ತರದ ಗುಮ್ಮಟ, ಅದರಿಂದ ಇಳಿಬಿಟ್ಟಿರೋ ನಾಲ್ಕೂವರೆ ಟನ್ ತೂಗುದೀಪ, 750 ದೀಪ ಅದರಲ್ಲಿ. ನಮ್ಮ ಗ್ರೂಪಿನ ಗೈಡು ತೂಕ ಹೇಳಿದ್ರು, ಅರಮನೆಯ ಚಾವಣಿಗಳಿಗೆ 14 ಟನ್ ಚಿನ್ನದ ರೇಕು ಬಳಸಿದಾರೆ ಅಂದ್ರು, ಎಲ್ರೂ ಅಬ್ಬಾ ಅಂದ್ರು, ಮುಂದಕ್ಕೆ ಹೋದ್ವಿ. ನನಗೆ ಬೇಜಾರಾಗಿದ್ದು ಅಲ್ಲೇ. ಯಾಕಂದ್ರೆ ಆ ದೀಪದ್ದೇ ಒಂದು ಕಥೆ ಇದೆ. ಅದು ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ಕೊಟ್ಟ ಉಡುಗೊರೆ ಅಂತಲೇ ಎಷ್ಟೋ ವರ್ಷ ಎಲ್ರೂ ನಂಬಿದ್ರು, 2006ರಲ್ಲಿ ಅದರ ರಸೀದಿ ಸಿಕ್ತು, ನೋಡಿದ್ರೆ ಪೂರ್ತಿ ದುಡ್ಡು ಕೊಟ್ಟು ತಗೊಂಡಿದ್ದು!

ಉಡುಗೊರೆ ಅಂದ್ರೆ ಅಲ್ಲಿಗೆ ಮುಗೀತು, ದುಡ್ಡು ಕೊಟ್ಟಿದ್ದು ಅಂದ್ರೆ ಯಾರ ದುಡ್ಡು ಅಂತ ಕೇಳ್ಲೇಬೇಕಾಗುತ್ತೆ.

ಆಗ ಟರ್ಕಿಯನ್ನ ಆಳ್ತಿದ್ದ ಆಟೋಮನ್ ಸಾಮ್ರಾಜ್ಯದ ಸುಲ್ತಾನ ಅಬ್ದುಲ್ ಮಜೀದ್ 1843ರಲ್ಲಿ ಶುರು ಮಾಡಿಸಿ 1856ರಲ್ಲಿ ಮುಗಿಸಿದ ಅರಮನೆ ಇದು. ಖರ್ಚು 50 ಲಕ್ಷ ಚಿನ್ನದ ಲಿರಾ, ಅಂದ್ರೆ ಸುಮಾರು 35 ಟನ್ ಚಿನ್ನ, ಒಂದು ವರ್ಷದ ತೆರಿಗೆಯ ಹೆಚ್ಚೂಕಮ್ಮಿ ಕಾಲು ಭಾಗ. ಇನ್ನೂ ಕಟ್ತಿರೋವಾಗ್ಲೇ, 1854ರಲ್ಲಿ, ರಷ್ಯಾ ವಿರುದ್ಧದ ಕ್ರಿಮಿಯಾ ಯುದ್ಧದ ಖರ್ಚಿಗೆ ಅಂತ ಆಟೋಮನ್ನರು ಮೊದಲ ಸಲ ವಿದೇಶಿ ಸಾಲ ಎತ್ತಿದ್ರು, ಆಮೇಲೆ ಸಾಲದ ಮೇಲೆ ಸಾಲ, 1875ಕ್ಕೆ ಕಟ್ಟೋಕಾಗಲ್ಲ ಅಂತ ಕೈಯೆತ್ತಿದ್ರು. 1881ರಲ್ಲಿ ಸಾಲ ಕೊಟ್ಟವರ ಪರವಾಗಿ ಒಂದು ಆಡಳಿತವೇ ಬಂದು ಕೂತು, ಉಪ್ಪು, ತಂಬಾಕು, ರೇಷ್ಮೆ ಮೇಲಿನ ಆದಾಯ ಎಲ್ಲ ನೇರವಾಗಿ ತಾನೇ ವಸೂಲಿ ಮಾಡ್ಕೊಳ್ತು. ಉಪ್ಪು ನೋಡಿ! ಈ ಅರಮನೆ ಒಳಗೆ ಕಾಲೇ ಇಡದ ಜನ ಮನೆಗೆ ಉಪ್ಪು ತಂದಾಗೆಲ್ಲ ಆ ಸಾಲ ತೀರಿಸಿದಾರೆ. ಎಲ್ಲ ಸಾಲನೂ ಅರಮನೆಯಿಂದಲೇ ಆಯ್ತು ಅಂತ ನಾನು ಹೇಳ್ತಿಲ್ಲ, ಯುದ್ಧದ ಪಾಲು ದೊಡ್ಡದು. ಆದ್ರೆ ಬೊಕ್ಕಸ ಬರಿದಾಗ್ತಿರೋವಾಗ ಚಾವಣಿಗೆ ಚಿನ್ನ ಬಳಿಸಿದ್ದು ನಿಜ ತಾನೇ?

ಅಕ್ಕ ಇದನ್ನ ಒಪ್ಪಲ್ಲ. ಯುರೋಪಿನ ರಾಜರ ಮುಂದೆ ನಾವೂ ಸಮ ಅಂತ ತೋರಿಸ್ಕೊಳ್ಳೋ ಅನಿವಾರ್ಯ ಇತ್ತು ಕಣೇ, ರಾಯಭಾರಿಗಳನ್ನ ಹಳೇ ಟೋಪ್‌ಕಾಪಿ ಅರಮನೆಯಲ್ಲೇ ಕೂರಿಸೋಕಾಗ್ತಿತ್ತಾ ಅಂತಾಳೆ. ಅವಳ ಮಾತಲ್ಲೂ ಅರ್ಥ ಇದೆ. ಆದ್ರೆ ಕಟ್ಟಿಸಿದ ಸುಲ್ತಾನನೇ ಇಲ್ಲಿ ಬಾಳಿದ್ದು ಬರೀ ಐದು ವರ್ಷ, 1861ರಲ್ಲಿ ಕ್ಷಯ ಬಂದು 38ಕ್ಕೇ ತೀರ್ಕೊಂಡ.

ಟರ್ಕಿ ಗಣರಾಜ್ಯ ಕಟ್ಟಿದ ಅತಾತುರ್ಕ್ ತೀರ್ಕೊಂಡ ರೂಮೂ ಇಲ್ಲೇ ಇದೆ, ಮಂಚದ ಮೇಲೆ ಟರ್ಕಿ ಬಾವುಟ ಹಾಸಿದಾರೆ. ಅಲ್ಲಿ ಜನ ತಾವಾಗೇ ದನಿ ತಗ್ಗಿಸ್ತಾರೆ.

ಚಿನ್ನದ ತೂಕ ಹೇಳೋರು ಸಾಲದ ಲೆಕ್ಕನೂ ಹೇಳ್ಬೇಕು ಅನ್ನೋದಷ್ಟೇ ನನ್ನ ಮಾತು. ಒಂದು ಗಾಜಿನ ಪೆಟ್ಟಿಗೆಯಲ್ಲಿ ಆ ರಸೀದಿ ಇಟ್ಟು, ಪಕ್ಕದಲ್ಲಿ ಒಂದು ಹಿಡಿ ಉಪ್ಪು ಇಡ್ಲಿ. ಆಮೇಲೆ ಕತ್ತೆತ್ತಿ ದೀಪ ನೋಡೋಣ.